ಒತ್ತಡಕ್ಕೆ ಬ್ರೇಕ್ ಎಲ್ಲಿದೆ?

ಒಂದೇ ಒಂದು ಹಾರ್ಮೋನಿನ ರಚನೆ ತಿಳಿಯೋದಕ್ಕೆ ಕುರಿಗಳ ಮೆದುಳಿನ ಸುಮಾರು 4.9 ಲಕ್ಷ ಚೂರು ಬೇಕಾಯಿತು. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಆ ಕೆಲಸ ಮುಗಿಸಿ ಪ್ರಕಟಿಸಿದ್ದು 1981ರಲ್ಲಿ. ಕೈಗೆ ಸಿಕ್ಕಿದ್ದು 41 ಅಮೈನೋ ಆಮ್ಲಗಳ ಒಂದು ಪುಟ್ಟ ಸರ. ಹೆಸರು ಕಾರ್ಟಿಕೋಟ್ರೋಪಿನ್ ರಿಲೀಸಿಂಗ್ ಹಾರ್ಮೋನ್. ಚಿಕ್ಕದಾಗಿ ಸಿಆರ್‌ಎಚ್. ಒತ್ತಡ ಬಂದಾಗ ಮೆದುಳು ಬಿಡುವ ಹಾರ್ಮೋನು ಇದು.

ಇಂಥದ್ದೊಂದು ವಸ್ತು ಇದೆ ಅನ್ನುವ ಸುಳಿವು 1955ರಲ್ಲೇ ಸಿಕ್ಕಿತ್ತು. ಒಂದು ಕಡೆ ರೋಜರ್ ಗಿಲ್ಲೆಮಿನ್, ಇನ್ನೊಂದು ಕಡೆ ಮರ್ರೆ ಸಫ್ರನ್ ಮತ್ತು ಆಂಡ್ರ್ಯೂ ಶಾಲಿ ಅದರ ಬೆನ್ನು ಹತ್ತಿದ್ದರು. ಅದು ಸಿಗಲೇ ಇಲ್ಲ. ಗಿಲ್ಲೆಮಿನ್ ಮತ್ತು ಶಾಲಿ ಮೆದುಳಿನ ಬೇರೆ ಹಾರ್ಮೋನುಗಳನ್ನು ಪತ್ತೆ ಮಾಡಿ 1977ರಲ್ಲಿ ನೊಬೆಲ್ ಪಡೆದರು. ಎಲ್ಲಕ್ಕಿಂತ ಮೊದಲು ಹುಡುಕಲು ಹೊರಟಿದ್ದು ಮಾತ್ರ ಕೊನೆಗೆ ಗಿಲ್ಲೆಮಿನ್ ಅವರ ಶಿಷ್ಯ ವೇಲ್ ಕೈಗೆ ಸಿಕ್ಕಿತು.

ಯಾಕಿಷ್ಟು ಕಷ್ಟ? ಸಿಆರ್‌ಎಚ್ ತಯಾರಾಗೋದು ತೀರಾ ಕಡಿಮೆ. ಅದು ಹೋಗಬೇಕಾದ ದಾರಿಯೂ ಗೇಣುದ್ದ ಇಲ್ಲ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಕೆಲವು ನರಕೋಶಗಳು ಅದನ್ನು ಸಣ್ಣ ರಕ್ತನಾಳಗಳಿಗೆ ಬಿಡುತ್ತವೆ. ಆ ನಾಳಗಳು ನೇರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಇಳಿಯುತ್ತವೆ. ಕೆಲವೇ ಮಿಲಿಮೀಟರ್ ದೂರ, ಅಷ್ಟೇ. ಇಡೀ ದೇಹ ಸುತ್ತುವ ರಕ್ತದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಅದು ಸಿಗುವುದೇ ಅಪರೂಪ.

ಅಷ್ಟು ಕಡಿಮೆ ಇದ್ದರೂ ಅದರ ಪರಿಣಾಮ ದೊಡ್ಡದು. ಸಿಆರ್‌ಎಚ್ ತಲುಪಿದ ಕೂಡಲೇ ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೋಗಿ ಕಾರ್ಟಿಸಾಲ್ ಎಂಬ ಹಾರ್ಮೋನು ಮಾಡಿಸುತ್ತದೆ. ಹೆದರಿದಾಗ ಎದೆ ಡವಡವ ಅನ್ನುವುದು ಇದರಿಂದಲ್ಲ. ಅದು ಅಡ್ರಿನಲಿನ್ ಕೆಲಸ, ನರಗಳ ಮೂಲಕ ಕ್ಷಣದಲ್ಲಿ ಆಗುತ್ತದೆ. ಕಾರ್ಟಿಸಾಲ್ ನಿಧಾನ. ಅದು ರಕ್ತದಲ್ಲಿ ಏರಿ ತುದಿ ಮುಟ್ಟಲು 20ರಿಂದ 30 ನಿಮಿಷ ಬೇಕು. ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುತ್ತದೆ, ಉರಿಯೂತ ತಗ್ಗಿಸುತ್ತದೆ.

ಕಾರ್ಟಿಸಾಲ್ ಅಂದರೆ ಕೆಟ್ಟದ್ದು, ಅದನ್ನು ಇಳಿಸಲೇಬೇಕು ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ನೀವೂ ನೋಡಿರುತ್ತೀರಿ, ಅಲ್ವಾ? ನನ್ನ ಪ್ರಕಾರ ಇದು ಅನ್ಯಾಯ. ಯಾಕೆಂದರೆ ಒತ್ತಡಕ್ಕೆ ಬ್ರೇಕ್ ಹಾಕುವುದೂ ಇದೇ ಕಾರ್ಟಿಸಾಲ್. ಅದು ಮೆದುಳಿಗೆ ವಾಪಸ್ ಹೋಗಿ ಸಿಆರ್‌ಎಚ್ ಮಾಡುವ ಕೋಶಗಳನ್ನು ಸುಮ್ಮನಾಗಿಸುತ್ತದೆ. ಪಿಟ್ಯುಟರಿಯನ್ನೂ ತಡೆಯುತ್ತದೆ. ಯಾವುದು ಶುರು ಮಾಡಿತೋ ಅದನ್ನೇ ಕೊನೆಯ ಕೊಂಡಿ ನಿಲ್ಲಿಸುತ್ತದೆ.

ಈ ಬ್ರೇಕ್ ಬಗ್ಗೆ ಎಲ್ಲರಿಗೂ ಗೊತ್ತಿರಬೇಕು ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಸ್ತಮಾ, ಸಂಧಿವಾತ, ಚರ್ಮರೋಗಕ್ಕೆ ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ. ಇವು ಕಾರ್ಟಿಸಾಲ್ ಥರವೇ ಕೆಲಸ ಮಾಡುತ್ತವೆ. ಮಾತ್ರೆ ಯಾವುದು, ಸ್ವಂತದ್ದು ಯಾವುದು ಅಂತ ಮೆದುಳಿಗೆ ಗೊತ್ತಾಗುವುದಿಲ್ಲ. ವಾರಗಟ್ಟಲೆ ನುಂಗಿದರೆ ಬ್ರೇಕ್ ಒತ್ತಿದಂತೆಯೇ ಇರುತ್ತದೆ. ಸಿಆರ್‌ಎಚ್ ಇಳಿಯುತ್ತದೆ, ಎಸಿಟಿಎಚ್ ಇಳಿಯುತ್ತದೆ, ಕೆಲಸವಿಲ್ಲದ ಅಡ್ರಿನಲ್ ಗ್ರಂಥಿ ಸೊರಗುತ್ತದೆ. ಆಗ "ಗುಣ ಆಯ್ತು" ಅಂತ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ದೇಹದ ಬಳಿ ಸ್ವಂತ ಕಾರ್ಟಿಸಾಲ್ ಇರುವುದಿಲ್ಲ. ವಿಪರೀತ ಸುಸ್ತು, ವಾಂತಿ, ರಕ್ತದೊತ್ತಡ ಕುಸಿತ. ಜೋರು ಜ್ವರ ಬಂದರೆ ಅಥವಾ ಆಪರೇಷನ್ ಆದರೆ ಜೀವಕ್ಕೇ ಅಪಾಯ. ಡಾಕ್ಟರು ಡೋಸನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು ಇದಕ್ಕೇ. ಮಲಗಿರುವ ಸಿಆರ್‌ಎಚ್ ಕೋಶಗಳು ಮತ್ತೆ ಏಳಲು ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಮಂಡಿನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲೂ ಸ್ಟಿರಾಯ್ಡ್ ಬೆರೆಸಿರುವುದುಂಟು. ಏನು ನುಂಗುತ್ತಿದ್ದೇವೆ ಅಂತ ತಿಳಿಯದವರಿಗೆ ನಿಲ್ಲಿಸುವ ಕ್ರಮ ತಿಳಿಯುವುದಾದರೂ ಹೇಗೆ?

ಒಂದು ಜಾಗದಲ್ಲಿ ಮಾತ್ರ ಈ ಲೆಕ್ಕ ಪೂರ್ತಿ ಉಲ್ಟಾ. ಗರ್ಭಿಣಿಯ ಮಾಸು ಕೂಡ ಸಿಆರ್‌ಎಚ್ ತಯಾರಿಸುತ್ತದೆ. ಅಲ್ಲಿ ಕಾರ್ಟಿಸಾಲ್ ಅದನ್ನು ತಡೆಯುವ ಬದಲು ಹೆಚ್ಚಿಸುತ್ತದೆ. ದಿನ ತುಂಬುತ್ತಾ ಬಂದಂತೆ ತಾಯಿಯ ರಕ್ತದಲ್ಲಿ ಸಿಆರ್‌ಎಚ್ ಏರುತ್ತಲೇ ಹೋಗುತ್ತದೆ. ಅವಧಿಗೆ ಮುಂಚೆ ಹೆರಿಗೆಯಾದವರಲ್ಲಿ ಈ ಏರಿಕೆ ಬೇಗನೇ ಕಾಣಿಸಿತ್ತು ಎಂದು ಆಸ್ಟ್ರೇಲಿಯಾದ ರೋಜರ್ ಸ್ಮಿತ್ ತಂಡ 1995ರಲ್ಲಿ ತೋರಿಸಿತು. ಇಲಿಗಳ ಮಾಸಿನಲ್ಲಿ ಸಿಆರ್‌ಎಚ್ ಇಲ್ಲ. ಮನುಷ್ಯ ಮತ್ತು ವಾನರ ಜಾತಿಗಳಲ್ಲಷ್ಟೇ ಇದೆ. ಹಾಗಾಗಿ ಲ್ಯಾಬಿನ ಇಲಿಗಳ ಮೇಲೆ ಇದನ್ನು ಅಭ್ಯಾಸ ಮಾಡುವುದು ಕಷ್ಟ.

ಇನ್ನು ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ? ತೀವ್ರ ಖಿನ್ನತೆ ಇರುವ ಹಲವರಲ್ಲಿ ಹೀಗಾಗುವುದು ಕಂಡುಬಂದಿದೆ. ಅದಕ್ಕೇ ಕೋಶಗಳ ಮೇಲೆ ಸಿಆರ್‌ಎಚ್ ಬಂದು ಕೂರುವ ಜಾಗವನ್ನೇ ಮುಚ್ಚುವ ಔಷಧಿಗಳನ್ನು ಔಷಧಿ ಕಂಪನಿಗಳು ವರ್ಷಗಟ್ಟಲೆ ಪರೀಕ್ಷೆ ಮಾಡಿದವು. ಖಿನ್ನತೆಯಲ್ಲಿ ಅವು ಗೆಲ್ಲಲಿಲ್ಲ.

ಗೆದ್ದದ್ದು ಇನ್ನೊಂದು ಕಡೆ. ಕೆಲವು ಮಕ್ಕಳಿಗೆ ಕಾರ್ಟಿಸಾಲ್ ಮಾಡುವ ಒಂದು ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಕಾರ್ಟಿಸಾಲ್ ಇಲ್ಲ, ಹಾಗಾಗಿ ಬ್ರೇಕೂ ಇಲ್ಲ. ಸಿಆರ್‌ಎಚ್ ಮತ್ತು ಎಸಿಟಿಎಚ್ ಅಡ್ರಿನಲ್ ಗ್ರಂಥಿಯನ್ನು ದೂಡುತ್ತಲೇ ಇರುತ್ತವೆ. ಕಾರ್ಟಿಸಾಲ್ ಆಗಬೇಕಿದ್ದ ಕಚ್ಚಾ ವಸ್ತು ಗಂಡು ಹಾರ್ಮೋನಾಗಿ ಬದಲಾಗುತ್ತದೆ. ಮಗು ಬೇಗ ಬೆಳೆದು, ಬೆಳವಣಿಗೆ ಬೇಗ ನಿಂತು, ಕುಳ್ಳಾಗಿ ಉಳಿಯುತ್ತದೆ. ಇದನ್ನು ತಡೆಯಲು ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಸ್ಟಿರಾಯ್ಡ್ ಕೊಡಬೇಕಾಗಿತ್ತು. ಅದರಿಂದ ಬೊಜ್ಜು, ಮೂಳೆ ಸವೆತದಂಥ ಬೇರೆ ತೊಂದರೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕ್ರೈನೆಸರ್‌ಫಾಂಟ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. 4 ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಇದನ್ನು ಕೊಡಬಹುದು. ಇದು ಪಿಟ್ಯುಟರಿಯಲ್ಲಿ ಸಿಆರ್‌ಎಚ್ ಕೂರದಂತೆ ತಡೆಯುತ್ತದೆ. ಸ್ಟಿರಾಯ್ಡ್ ಡೋಸ್ ಇಳಿಸಲು ದಾರಿ ಮಾಡಿಕೊಡುತ್ತದೆ. ಆದರೆ ಕಾರ್ಟಿಸಾಲನ್ನು ತಯಾರಿಸಿಕೊಡುವುದಿಲ್ಲ. ಆ ಕೊರತೆ ತುಂಬುವಷ್ಟು ಸ್ಟಿರಾಯ್ಡ್ ಮಾತ್ರೆಯನ್ನು ಈ ಮಕ್ಕಳು ದಿನವೂ ತೆಗೆದುಕೊಳ್ಳಲೇಬೇಕು.