ಬಾವಲಿಯ ಮೂಗಿನ ಮೇಲೆ ಎಲೆ ಯಾಕೆ?

ಪ್ರಶ್ನೆ: ಕೆಲವು ಬಾವಲಿಗಳ ಮೂಗಿನ ಮೇಲೆ ಎಲೆಯಂಥ ಚರ್ಮ ಎದ್ದು ನಿಂತಿರುತ್ತದೆ. ಅದು ವಾಸನೆ ಹಿಡಿಯೋಕಾ?

ಅಲ್ಲ, ಕೂಗೋಕೆ! ಬಹಳಷ್ಟು ಬಾವಲಿಗಳು ಬಾಯಿ ತೆರೆದು ಕೂಗುತ್ತವೆ. ಎಲೆಮೂಗಿನ ಬಾವಲಿಗಳು ಮಾತ್ರ ಮೂಗಿನ ಹೊಳ್ಳೆಗಳಿಂದ ದನಿ ಬಿಡುತ್ತವೆ. ಬಾಯಲ್ಲಿ ಹುಳ ಕಚ್ಚಿಕೊಂಡಿದ್ದರೂ ಕೂಗು ನಿಲ್ಲಿಸಬೇಕಿಲ್ಲ. ಆ ದನಿ ತಾಗಿ ವಾಪಸ್ ಬಂದಾಗ ಎದುರಿಗೆ ಏನಿದೆ, ಎಷ್ಟು ದೂರ ಇದೆ ಅಂತ ಗೊತ್ತಾಗುತ್ತದೆ. ಒಂದು ಮೀಟರ್ ದೂರದ ಹುಳದಿಂದ ಮರುದನಿ ಬರೋಕೆ ಸುಮಾರು 6 ಮಿಲಿಸೆಕೆಂಡ್ ಸಾಕು. 1944ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಡೊನಾಲ್ಡ್ ಗ್ರಿಫಿನ್ ಇದಕ್ಕೆ ಎಕೋಲೊಕೇಶನ್ ಎಂದು ಹೆಸರಿಟ್ಟರು.

ಇನ್ನು ಎಲೆಯ ಕೆಲಸ. ದೂರ ಇರುವವರನ್ನು ಕರೆಯುವಾಗ ನಾವು ಬಾಯಿಯ ಎರಡೂ ಬದಿಗೆ ಕೈ ಹಿಡಿಯುತ್ತೇವೆ, ಅಲ್ವಾ? ಎಲೆಯೂ ಹಾಗೇ, ದನಿ ಸುತ್ತಲೂ ಚೆದುರದಂತೆ ಮುಂದಕ್ಕೆ ಕಳಿಸುತ್ತದೆ. ಇವುಗಳ ನೆಂಟ ಲಾಳಮೂಗಿನ ಬಾವಲಿಯಲ್ಲಿ ಹೊಳ್ಳೆಗಳೂ ಇದಕ್ಕೆ ಕೈಜೋಡಿಸುತ್ತವೆ. ದೊಡ್ಡ ಲಾಳಮೂಗಿನ ಬಾವಲಿ ಕೂಗುವುದು ಸುಮಾರು 80 ಕಿಲೋಹರ್ಟ್ಸ್‌ನಲ್ಲಿ. ನಮ್ಮ ಕಿವಿ 20ಕ್ಕೇ ಕೈಚೆಲ್ಲುತ್ತದೆ. ಆ ದನಿಯ ಒಂದು ಅಲೆ ಬರೀ 4 ಮಿಲಿಮೀಟರ್ ಉದ್ದ. ಹೊಳ್ಳೆಗಳ ನಡುವಿನ ಅಂತರ ಹೆಚ್ಚುಕಮ್ಮಿ ಅದರ ಅರ್ಧ! ಹಾಗಾಗಿ ಎರಡು ಹೊಳ್ಳೆಗಳ ದನಿ ಪಕ್ಕಕ್ಕೆ ಹೋಗುವಾಗ ಒಂದನ್ನೊಂದು ಅಳಿಸಿಬಿಡುತ್ತವೆ, ಮುಂದಕ್ಕೆ ಹೋಗುವಾಗ ಕೂಡಿಕೊಳ್ಳುತ್ತವೆ. ಟಾರ್ಚ್ ಬೆಳಕಿನ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪನಾಮಾದ ಕಾಡಿನ ಒಂದು ಪುಟ್ಟ ಎಲೆಮೂಗಿನ ಬಾವಲಿ. ತೂಕ ಹತ್ತು ಗ್ರಾಮೂ ಇಲ್ಲ. ಗಿಡದ ಎಲೆ ಮೇಲೆ ಅಲ್ಲಾಡದೆ, ಸದ್ದಿಲ್ಲದೆ ಕೂತ ಏರೋಪ್ಲೇನ್ ಚಿಟ್ಟೆಯನ್ನು ಅದು ಕತ್ತಲಲ್ಲೇ ಹಿಡಿಯುತ್ತದೆ. ಇದು ಸುಲಭವಲ್ಲ. ನೇರ ಎದುರಿನಿಂದ ಕೂಗಿದರೆ ಎಲೆಯ ಜೋರು ಮರುದನಿಯಲ್ಲಿ ಚಿಟ್ಟೆಯದು ಮುಳುಗಿಹೋಗುತ್ತದೆ. ಅದಕ್ಕೇ ಬಾವಲಿ ಓರೆಯಾಗಿ ಬರುತ್ತದೆ. ಆಗ ನುಣುಪಾದ ಎಲೆ ಕನ್ನಡಿಯಂತೆ ದನಿಯನ್ನು ಆಚೆ ಕಡೆಗೆ ತಿರುಗಿಸಿಬಿಡುತ್ತದೆ. ಎಲೆ ಖಾಲಿಯಿದ್ದರೆ ಹೆಚ್ಚೇನೂ ಕೇಳಿಸದು. ಚಿಟ್ಟೆ ಕೂತಿದ್ದರೆ ಅದರ ಮೈ, ರೆಕ್ಕೆಗೆ ಬಡಿದ ದನಿ ಮಾತ್ರ ಬಾವಲಿಯ ಕಡೆ ಮರಳುತ್ತದೆ. ಬಾವಲಿ ಎಲೆಯ ಮುಂದೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಮತ್ತೆ ಕೂಗಿ ಖಾತ್ರಿ ಮಾಡಿಕೊಂಡು ಮೇಲೆರಗುತ್ತದೆ.