ಉಳಿದ ಐದು ಸೆಂಟಿಮೀಟರ್

ಕಾರನ್ನು ತಗ್ಗಿಸುವ ಸ್ಪ್ರಿಂಗ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ಮೊದಲು ಹುಡುಕುವುದು ಮಿಲಿಮೀಟರ್ ಲೆಕ್ಕವನ್ನು: ಮೂವತ್ತೋ, ನಲವತ್ತೋ, ಅರವತ್ತೋ. ಕಾರು ಎಷ್ಟು ಇಳಿಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಇಳಿದ ಮೇಲೆ ಚಕ್ರಕ್ಕೆ ಮೇಲೇರಲು ಎಷ್ಟು ಜಾಗ ಉಳಿಯಿತು ಎಂಬುದು ತಿಳಿಯುವುದಿಲ್ಲ. ಹಳೆಯ ಕಾರಿನ ಮಟ್ಟಿಗೆ ನಾನು ಮೊದಲು ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ.

1982ರಲ್ಲಿ ಬಂದ ಬಿಎಂಡಬ್ಲ್ಯು 3 ಸರಣಿಯ ಎರಡನೆಯ ತಲೆಮಾರು, ಅಂದರೆ ಇ30, ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನಿಯಲ್ಲಿ ಇಂದಿಗೂ ಜನ ಅದನ್ನು ಅಕ್ಕರೆಯಿಂದ ಸಾಕಿಕೊಂಡಿದ್ದಾರೆ; ಅದಕ್ಕೆ ಹೊಂದುವ ತಗ್ಗು ಸ್ಪ್ರಿಂಗುಗಳೂ ಧಾರಾಳವಾಗಿ ಸಿಗುತ್ತವೆ. ಲೆಕ್ಕ ಸುಲಭವಾಗಲೆಂದು, ಇಂಥ ಕಾರಿನ ಚಕ್ರ ಮೇಲೇರಿ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪಿಗೆ, ತಾಗುವ ಮುನ್ನ 80 ಮಿಲಿಮೀಟರ್ ಜಾಗವಿದೆ ಎಂದುಕೊಳ್ಳೋಣ. ಕಾರನ್ನು 30 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು 50, ಅಂದರೆ ಐದು ಸೆಂಟಿಮೀಟರ್. ರಸ್ತೆಯ ಉಬ್ಬು ಮಾತ್ರ ಮೊದಲಿನಷ್ಟೇ ಇರುತ್ತದೆ. ಆ ಹೊಡೆತದಲ್ಲಿ ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿ ಅದರ ಬಿಗಿತಕ್ಕೂ ಕುಗ್ಗುವ ದೂರದ ವರ್ಗಕ್ಕೂ ಅನುಗುಣವಾಗಿರುತ್ತದೆ. 80ರ ವರ್ಗ 6400, 50ರ ವರ್ಗ 2500. ಮೊದಲಿನ ಹೊಡೆತವನ್ನೇ ಈ ಕಿರಿದಾದ ಜಾಗದಲ್ಲಿ ತಡೆಯಬೇಕಾದರೆ ಸ್ಪ್ರಿಂಗ್ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಬಿಗಿಯಾಗಿರಬೇಕು!

ಅಷ್ಟು ಬಿಗಿಯಾದ ಸ್ಪ್ರಿಂಗನ್ನು ದಿನಬಳಕೆಯ ಕಾರಿಗೆ ಯಾರೂ ಹಾಕುವುದಿಲ್ಲ, ಹಾಕಲೂಬಾರದು. ಸೆಕೆಂಡಿಗೆ 1.25 ಬಾರಿ ಮೇಲೆ ಕೆಳಗೆ ತೂಗುತ್ತಿದ್ದ ಕಾರು ಆಗ ಎರಡು ಬಾರಿ ತೂಗತೊಡಗುತ್ತದೆ. ಅದು ರೇಸ್ ಕಾರಿಗೆ ಒಪ್ಪುವ ಕುಣಿತ. ಹಾಗಾಗಿ ತಯಾರಕರು ರಾಜಿಗೆ ಬರುತ್ತಾರೆ: ಸ್ಪ್ರಿಂಗನ್ನು ಸ್ವಲ್ಪ ಮಾತ್ರ ಬಿಗಿ ಮಾಡಿ, ಉಳಿದ ಹೊಡೆತವನ್ನು ರಬ್ಬರ್ ತಡೆಗೆ ಬಿಡುತ್ತಾರೆ. ತಗ್ಗಿಸಿದ ಕಾರು ಒರಟಾಯಿತು ಎಂದು ದೂರುವವರಲ್ಲಿ ಹಲವರ ಬೆನ್ನಿಗೆ ತಾಗುತ್ತಿರುವುದು ಸ್ಪ್ರಿಂಗ್ ಅಲ್ಲ, ಗಳಿಗೆಗೊಮ್ಮೆ ಬಡಿಯುವ ಆ ರಬ್ಬರ್ ತುಂಡು. ಹೊಸ ಸ್ಪ್ರಿಂಗಿನ ಜೊತೆ ಮೋಟು ಬಂಪ್ ಸ್ಟಾಪ್ ಕೊಡುವ ಅಥವಾ ಇರುವುದನ್ನು ಎಷ್ಟು ಕತ್ತರಿಸಬೇಕೆಂದು ತಿಳಿಸುವ ತಯಾರಕರ ಮೇಲೆ ನನಗೆ ಹೆಚ್ಚು ನಂಬಿಕೆ.

ಬಿಗಿತದ ವಿಷಯದಲ್ಲಿ ಕಣ್ಣಿನ ಅಂದಾಜು ಕೆಲಸಕ್ಕೆ ಬಾರದು. ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಬದಲಾಗದಿದ್ದರೆ, ಬಿಗಿತ ಏರುವುದು ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ. 12 ಮಿಲಿಮೀಟರ್ ತಂತಿಯ ಬದಲು 13 ಮಿಲಿಮೀಟರ್ ತಂತಿ ಸುತ್ತಿದರೆ ಬಿಗಿತ ಸುಮಾರು ಶೇ 38ರಷ್ಟು ಹೆಚ್ಚುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರೂ ವ್ಯತ್ಯಾಸ ತಿಳಿಯುವುದು ಕಷ್ಟ. ಇರುವ ಸ್ಪ್ರಿಂಗಿನ ಸುತ್ತನ್ನೇ ಕತ್ತರಿಸುವ ಅಗ್ಗದ ದಾರಿಯೂ ಉಂಟು. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ದುಡಿಯುವ ಆರು ಸುತ್ತುಗಳಲ್ಲಿ ಒಂದು ಹೋದರೆ ಬಿಗಿತ ಶೇ 20 ಹೆಚ್ಚುತ್ತದೆ, ಸರಿ. ಆದರೆ ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಜಾಗ ಬಿಟ್ಟು ಜಾರಲೂಬಹುದು. ಗ್ಯಾಸ್ ಜ್ವಾಲೆಯಲ್ಲಿ ಕತ್ತರಿಸಿದರೆ ಅದರ ಸುತ್ತಲಿನ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ.

ಹಳೆಯ ಸ್ಪ್ರಿಂಗ್ ಮೆತ್ತಗಾಗಿದೆ ಎನ್ನುವುದು ಗ್ಯಾರೇಜುಗಳಲ್ಲಿ ಕೇಳಿಬರುವ ಮಾತು. ವಾಸ್ತವವಾಗಿ ವಯಸ್ಸಾದಂತೆ ಉಕ್ಕು ಮೆತ್ತಗಾಗುವುದಿಲ್ಲ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್ ಶಾಶ್ವತವಾಗಿ ಸ್ವಲ್ಪ ಗಿಡ್ಡವಾಗುತ್ತದೆ, ಅಷ್ಟೇ. ಅದರ ಬಿಗಿತ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ತುಕ್ಕು ತಂತಿಯನ್ನು ತಿಂದಿದ್ದರೆ ಮಾತು ಬೇರೆ. ಇದರಿಂದ ಒಂದು ಎಡವಟ್ಟು ಹುಟ್ಟುತ್ತದೆ: ನಿಮ್ಮ ಕಾರು ಆಗಲೇ 15 ಮಿಲಿಮೀಟರ್ ಕುಸಿದಿರಬಹುದು, ಆದರೆ ಪೆಟ್ಟಿಗೆಯ ಮೇಲಿನ 40 ಎಂಬುದು ಕಾರ್ಖಾನೆಯ ಎತ್ತರದಿಂದ ಎಣಿಸಿದ್ದು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳದೆ ಸ್ಪ್ರಿಂಗಿಗೆ ಹಣ ಕೊಡಬಾರದು. ಯಾವ ಎಂಜಿನ್ ಎಂಬುದೂ ಮುಖ್ಯ. ಇ30ರಲ್ಲಿ ನಾಲ್ಕು ಸಿಲಿಂಡರಿನದೂ ಇದೆ, ಆರರದೂ ಇದೆ. ಮೂತಿಯ ಭಾರ ಬೇರೆ ಬೇರೆ. ಹವಾನಿಯಂತ್ರಣ, ಸನ್‌ರೂಫ್‌ನಂಥ ಸಾಧನಗಳಿಗೂ ಅಂಕ ಕೊಟ್ಟು, ಒಟ್ಟು ಅಂಕ ನೋಡಿ ಸ್ಪ್ರಿಂಗ್ ಆರಿಸುವ ಪದ್ಧತಿಯನ್ನು ಬಿಎಂಡಬ್ಲ್ಯು ಕಂಪನಿಯೇ ಇಟ್ಟುಕೊಂಡಿತ್ತು.

ಇನ್ನು ಕೋನಗಳು. ಇ30ರ ಹಿಂಬದಿಯಲ್ಲಿ ಪ್ರತಿ ಚಕ್ರವನ್ನು ಓರೆಯಾಗಿ ಕೀಲಿಸಿದ ಒಂದು ತೋಳು ಹೊತ್ತಿರುತ್ತದೆ. ಕಾರು ಇಳಿದಂತೆ ಆ ತೋಳು ಮೇಲೆ ತಿರುಗಿ, ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಚಕ್ರ ಮುಖಮಾಡುವ ದಿಕ್ಕೂ ತುಸು ಬದಲಾಗುತ್ತದೆ. ಇದನ್ನು ಸರಿಪಡಿಸುವ ಏರ್ಪಾಡು ಕಾರ್ಖಾನೆಯಿಂದ ಬಂದಿಲ್ಲ. ಟೈರಿನ ಹೊರಮೈ ಹೊಸದರಂತೆ ಕಾಣುತ್ತಿರುವಾಗಲೇ ಒಳ ಅಂಚು ಸವೆದು ತಂತಿ ಇಣುಕುವುದು ಹೀಗೆ. ಮುಂಬದಿಯದು ಇನ್ನೂ ವಿಚಿತ್ರ. ಅಲ್ಲಿ ಕಾರಿನ ಭಾರಕೇಂದ್ರ ಇಳಿಯುವುದಕ್ಕಿಂತ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಹೆಚ್ಚು ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಂತೆ ತಿರುವಿನಲ್ಲಿ ಕಾರನ್ನು ವಾಲಿಸುವ ಬಲಕ್ಕೆ ಸಿಗುವ ಸನ್ನೆಯೂ ಉದ್ದವಾಗುತ್ತದೆ. ಬಿಗಿತ ಹೆಚ್ಚಿಸದೆ ಬರಿದೇ ತಗ್ಗಿಸಿದ ಕಾರು ಮೊದಲಿಗಿಂತ ಜಾಸ್ತಿ ವಾಲಬಹುದು. ಈ ಕಾರಣಕ್ಕೇ ರಸ್ತೆಯ ಕಾರಿಗೆ 30 ಮಿಲಿಮೀಟರ್ ಸಾಕು ಎಂಬುದು ನನ್ನ ನಿಲುವು. 60ರ ಸ್ಪ್ರಿಂಗ್ ಪ್ರದರ್ಶನದ ಕಾರಿಗಿರಲಿ.

ಬಿಗಿತ ಶೇ 30 ಏರಿದರೆ ಕುಣಿತವನ್ನು ಮೊದಲಿನಂತೆ ಹತೋಟಿಯಲ್ಲಿಡಲು ಶಾಕ್ ಅಬ್ಸಾರ್ಬರಿಗೆ ಸುಮಾರು ಶೇ 14 ಹೆಚ್ಚು ತಡೆಶಕ್ತಿ ಬೇಕು. ಮೂವತ್ತು ವರ್ಷದ ಶಾಕ್ ಅಬ್ಸಾರ್ಬರಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೇ ಬದಲಿಸಿ. ಕಾನೂನನ್ನೂ ನೋಡಿಕೊಳ್ಳಿ: ಜರ್ಮನಿಯಲ್ಲಿ ಇಂಥ ಸ್ಪ್ರಿಂಗಿಗೆ ಅನುಮೋದನೆಯ ದಾಖಲೆ ಬೇಕು, ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ.

ಜೋಡಿಸುವ ದಿನ ಗಮನವಿಡಬೇಕಾದದ್ದು ತೋಳುಗಳ ರಬ್ಬರ್ ಬುಷ್, ಅಂದರೆ ಕೀಲಿನೊಳಗೆ ಕೂರುವ ರಬ್ಬರ್ ಕೊಳವೆಗಳ ಮೇಲೆ. ಕಾರನ್ನು ಎತ್ತಿ ಚಕ್ರ ಜೋತಾಡುತ್ತಿರುವಾಗಲೇ ಅವುಗಳ ಬೋಲ್ಟನ್ನು ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರಿನ ಪೂರ್ತಿ ಭಾರ ಚಕ್ರಗಳ ಮೇಲೆ ಕೂತ ಮೇಲೆ ಬಿಗಿಸಿ. ಕೆಲವು ದಿನ ಓಡಿಸಿ, ನಾಲ್ಕೂ ಕಡೆ ಮತ್ತೆ ಟೇಪ್ ಹಿಡಿದು, ಎತ್ತರ ಇನ್ನು ಬದಲಾಗುತ್ತಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಅಲೈನ್‌ಮೆಂಟ್ ಮಾಡಿಸಿ.