ಒಂಬತ್ತು ನಿಮಿಷದ ಕುಣಿತ, ಮೂರೂವರೆ ನಿಮಿಷದ ಹಾಡು

1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ರೇಡಿಯೋ ನಿರೂಪಕನೊಬ್ಬ ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸಿಡಿಸಿದ. ಆ ಹೊತ್ತಿಗೆ ಮೊದಲಾಗಿದ್ದ ಡಿಸ್ಕೋ ವಿರೋಧಿ ಅಲೆಯಲ್ಲಿ ಅಮೆರಿಕದ ಬಾನುಲಿ ಕೇಂದ್ರಗಳೂ ಆ ಸಂಗೀತದಿಂದ ದೂರ ಸರಿದವು. ಆದರೆ ಅದೇ ಊರಿನ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ, ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ತರುಣರ ಎದುರು, ಡಿಜೆ ಫ್ರಾಂಕಿ ನಕಲ್ಸ್ ಡಿಸ್ಕೋವನ್ನೇ ಹಿಗ್ಗಿಸಿ, ಬೆಸೆದು ನುಡಿಸುತ್ತಲೇ ಇದ್ದರು. ಡಿಸ್ಕೋದಿಂದ ಬೆಳೆದ, ಯಂತ್ರದ ಡ್ರಮ್ ತಾಳದ 'ಹೌಸ್' ಎಂಬ ಕುಣಿತದ ಸಂಗೀತ ಹುಟ್ಟಿದ್ದು ಆ ನೆಲದಲ್ಲಿ.

ಕ್ಲಬ್ಬಿನ ರೆಕಾರ್ಡಿನಲ್ಲಿ ಆರಂಭದ ಒಂದು ನಿಮಿಷ ಬರೀ ಡ್ರಮ್ ಇರುವುದುಂಟು. ಹಿಂದಿನ ಹಾಡಿನ ತಾಳಕ್ಕೆ ಮುಂದಿನದನ್ನು ಕೂಡಿಸಲು ಡಿಜೆಗೆ ಅಷ್ಟು ಅವಕಾಶ ಬೇಕು. ರೇಡಿಯೋಗೆ ಆ ತಾಳ್ಮೆಯಿಲ್ಲ. ಹಾಗಾಗಿ ಪೀಠಿಕೆಯನ್ನು ಕತ್ತರಿಸಿ, ಪಲ್ಲವಿಯನ್ನು ಮುಂದಕ್ಕೆ ತಂದು, ಇಡೀ ಹಾಡನ್ನು ಮೂರೂವರೆ ನಿಮಿಷಕ್ಕೆ ಇಳಿಸುವ 'ರೇಡಿಯೋ ಎಡಿಟ್' ರೂಢಿಗೆ ಬಂತು. 1976ರಲ್ಲಿ ನ್ಯೂಯಾರ್ಕಿನ ಡಿಜೆ ವಾಲ್ಟರ್ ಗಿಬನ್ಸ್ ಮೂರು ನಿಮಿಷದ ಹಾಡೊಂದನ್ನು 12 ಇಂಚಿನ ರೆಕಾರ್ಡಿಗಾಗಿ ಒಂಬತ್ತು ನಿಮಿಷಕ್ಕೂ ಮೀರಿ ಬೆಳೆಸಿದ್ದರು. ರೇಡಿಯೋ ಎಡಿಟ್ ಅದರ ತಿರುವುಮುರುವು.

1987ರ ಜನವರಿಯಲ್ಲಿ ಶಿಕಾಗೋದ ಸ್ಟೀವ್ 'ಸಿಲ್ಕ್' ಹರ್ಲಿಯವರ, ಸಾಹಿತ್ಯವೇ ಇಲ್ಲವೆನ್ನಬಹುದಾದ ಹೌಸ್ ಹಾಡೊಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದು ಅಪವಾದವೇ ಸರಿ. ಸಾಮಾನ್ಯವಾಗಿ ರೇಡಿಯೋ ಬಯಸಿದ್ದು ನೆನಪಿನಲ್ಲುಳಿಯುವ ಕಂಠವನ್ನು, ಟಿವಿ ಬಯಸಿದ್ದು ಮುಖವನ್ನು. ನನ್ನ ದೃಷ್ಟಿಯಲ್ಲಿ ಈ ರೂಪಾಂತರದ ನಿಜವಾದ ಬೆಲೆ ಕತ್ತರಿಸಿದ ನಿಮಿಷಗಳಲ್ಲಿಲ್ಲ, ಕಂಠ ಒಬ್ಬರದು ಮುಖ ಇನ್ನೊಬ್ಬರದು ಆದದ್ದರಲ್ಲಿದೆ. 1989ರಲ್ಲಿ ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡ 'ರೈಡ್ ಆನ್ ಟೈಮ್' ಹಾಡಿಗೆ ಲೊಲಿಯಾಟ ಹಾಲೊವೇ 1980ರಲ್ಲಿ ಹಾಡಿದ್ದ ಡಿಸ್ಕೋ ಗೀತೆಯ ತುಣುಕುಗಳನ್ನು ಬಳಸಿತು. ಪರದೆಯ ಮೇಲೆ ತುಟಿಯಾಡಿಸಿದ್ದು ಕ್ಯಾಟ್ರಿನ್ ಕ್ವಿನಾಲ್ ಎಂಬ ರೂಪದರ್ಶಿ. ಒಮ್ಮೆ ರೇಡಿಯೋ ಹೊರಗಟ್ಟಿದ್ದ ದನಿಯೇ ಬೇರೊಬ್ಬರ ಮುಖ ಹೊತ್ತು ಮರಳಿತ್ತು.

ಅಮೆರಿಕದ ಗಾಯಕಿ ಮಾರ್ಥಾ ವಾಶ್ ಅವರಿಗೆ ಇದೇ ಅನುಭವ ಹಲವು ಸಲ ಆಯಿತು. ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿ ಎಂಬ ತಂಡದ 1990ರ ಜನಪ್ರಿಯ ಹಾಡಿನ ಪಲ್ಲವಿ ಅವರದೇ. ಆದರೆ ವಿಡಿಯೋದಲ್ಲಿ ಕಾಣಿಸಿದ್ದು ತೆಳ್ಳನೆಯ ಜೆಲ್ಮಾ ಡೇವಿಸ್. ವಾಶ್ ಮೊಕದ್ದಮೆ ಹೂಡಿದರು. ಪ್ರಕರಣ ರಾಜಿಯಲ್ಲಿ ಮುಗಿದ ಮೇಲೆ, ಸಂಗೀತದ ಟಿವಿ ವಾಹಿನಿ ಎಂಟಿವಿಯಲ್ಲಿ ಬರುತ್ತಿದ್ದ ಆ ವಿಡಿಯೋದಲ್ಲಿ ಹಾಡಿದವರು ವಾಶ್, ದೃಶ್ಯದಲ್ಲಿರುವವರು ಡೇವಿಸ್ ಎಂದು ತಿಳಿಸುವ ಸಾಲನ್ನು ಸೇರಿಸುವಂತೆ ರೆಕಾರ್ಡಿನ ಒಡೆತನವಿದ್ದ ಸೋನಿ ಕಂಪನಿಯೇ ಕೇಳಿಕೊಂಡಿತು.